ಮಾವ ಮಾಡಿದ ಮಾವಿನ ಸಿಹಿ

ದ್ವಾರಕಾಬಾಯಿಯವರ ಬಲಗಣ್ಣಿನ ಪೊರೆ ತೆಗೆಯಲು ಕೊನೆಗೂ ತಾರೀಖು ಸಿಕ್ಕಿತು ಎಂದು ಮಗ ಆಶಿಷ ಹೇಳಿದಾಗ ಸೋಲಾಪುರದ ಆ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ತಾರೀಖು ಬಂದದ್ದು ಮೇ ಎಂಟಕ್ಕೆ. ಅಧಿಕ ಮಾಸ ಹಿಡಿಯುವುದು ಹದಿನೇಳಕ್ಕೆ.

“ನಾ ಹೋಗಂಗಿಲ್ಲ,” ಎಂದರು ದ್ವಾರಕಾಬಾಯಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. “ಅಧಿಕ ಮುಗೀಲಿ. ಆಮ್ಯಾಲ ನೋಡೂಣು.”

“ಅವ್ವಾ, ನಾಕು ತಿಂಗಳಿಂದ ನಂಬರ್ ಹಚ್ಚಿ ಕುಂತೀನಿ. ಈಗ ಬಿಟ್ರ ಮತ್ತ ದೀಪಾವಳಿಗೇ.”

“ದೀಪಾವಳಿಗೇ ಆಗಲಿ. ಇನ್ನೊಂದು ಕಣ್ಣು ಛಲೋ ಅದಲ್ಲ?”

“ನಿನ್ನಿ ಚಹಾದಾಗ ಉಪ್ಪು ಹಾಕಿದ್ದು ಆ ಛಲೋ ಕಣ್ಣೇ ಏನು?”

ದ್ವಾರಕಾಬಾಯಿ ಬಡಿದ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದರು. ಅದರ ಅರ್ಧ ಹಂಚಿನ ಹೊರಗೆ ಬಿತ್ತು.

ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ನಾಗೇಶಪ್ಪ ಇದನ್ನೆಲ್ಲ ಕೇಳಿಸಿಕೊಂಡರು. ಅಕ್ಕಲಕೋಟೆಯ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಕಾರಕೂನರಾಗಿದ್ದು, ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬಂದು, ಎರಡು ವರ್ಷದ ಹಿಂದೆ ನಿವೃತ್ತರಾದ ಮನುಷ್ಯ. ಮನೆಯ ಮಾತುಗಳಲ್ಲಿ ಬಾಯಿ ಹಾಕುವ ಪೈಕಿ ಅಲ್ಲ. ಕೂತಲ್ಲಿಗೆ ಚಹಾ ಬರುತ್ತಿತ್ತು, ಊಟದ ಹೊತ್ತಿಗೆ ತಾಟು ಬರುತ್ತಿತ್ತು. ಆದರೆ ಆ ದಿನ ಅವರು ಪತ್ರಿಕೆ ಮಡಚಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ಎಂಟಕ್ಕ ಹೋಗೂದು,” ಎಂದರು. “ಮಾತು ಮುಗೀತು.”

“ಹಂಗಾರ ಅನಾರಸ ಯಾರು ಕರೀತಾರು?” ದ್ವಾರಕಾಬಾಯಿ ತಿರುಗಿ ನೋಡಿದರು. “ನೀವೇನು?”

ನಾಗೇಶಪ್ಪ ಮಡಚಿದ ಪತ್ರಿಕೆಯನ್ನು ಮತ್ತೆ ಬಿಚ್ಚಿದರು.

ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ ತುಪ್ಪದಲ್ಲಿ ಕರಿಯುವ ಆ ಅನಾರಸದ ವಿಷಯ ಸಣ್ಣದಾಗಿರಲಿಲ್ಲ. ಮಗಳು ಸ್ನೇಹಲಳನ್ನು ಹೋದ ಚಳಿಗಾಲದಲ್ಲಿ ಅಕ್ಕಲಕೋಟೆ ತಾಲೂಕಿನ ಕರಜಗಿಗೆ ಕೊಟ್ಟಿದ್ದರು. ಅಳಿಯ ಕೈಲಾಸನದು ಹೊಲ, ತೋಟ, ನಾಲ್ಕು ಎಮ್ಮೆಗಳಿರುವ ತುಂಬಿದ ಮನೆ. ಮದುವೆಯಾದ ಮೇಲೆ ಬರುವ ಮೊದಲನೇ ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಸಿಹಿ ಉಣಿಸಿ, ತಾಮ್ರದ ತಾಟಿನಲ್ಲಿ ಮೂವತ್ಮೂರು ಅನಾರಸ ಇಟ್ಟು, ದೀಪ ಹಚ್ಚಿ ಕೊಡುವುದು ಅಲ್ಲಿಯ ಪದ್ಧತಿ. ಮೂರು ವರ್ಷಕ್ಕೊಮ್ಮೆ ಬರುವ ತಿಂಗಳು ಈ ಸಲ ಸುಡು ಬೇಸಿಗೆಯಲ್ಲಿ ಬಂದಿತ್ತು, ಅಷ್ಟೇ.

ಇದರ ಹಿಂದೆ ಇನ್ನೊಂದು ಮಾತಿತ್ತು. ಮದುವೆಯ ದಿನ ಪೇಟೆಯ ಒಂದು ಅಂಗಡಿಯಿಂದ ತರಿಸಿದ ಬಾಸುಂದಿ ಪಂಕ್ತಿಗೆ ಬಡಿಸುವ ಹೊತ್ತಿಗೆ ಒಡೆದುಹೋಗಿತ್ತು. ಬೀಗತಿ ಗಿರಿಜಾಬಾಯಿ ಬಾಸುಂದಿ ಬಡಿಸಿದ ವಾಟಿಯನ್ನು ಮೂಗಿನ ಹತ್ತಿರ ಹಿಡಿದು, ಪಂಕ್ತಿಯಲ್ಲಿದ್ದವರೆಲ್ಲ ಕೇಳುವಂತೆ, “ಇಲ್ಲಿ ಮನಿ ಕೈಲಿಂದ ಮಾಡಿದ್ದು ಒಂದರೆ ಅದ ಏನ್ರಿ ಬೀಗರ?” ಎಂದಿದ್ದರು. ಅವರು ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ; ಗಟ್ಟಿ ದನಿಯ ಹೆಂಗಸು. ಆದರೆ ಆ ಬಾಸುಂದಿಗೆ ಹೇಳಿ ಬಂದವರು ನಾಗೇಶಪ್ಪ. ಆಮೇಲೆ ಕರಜಗಿಯಲ್ಲಿ ಯಾರ ಮನೆಯಲ್ಲಿ ಸಿಹಿ ಮಾಡಿದರೂ ಸೊಸೆಯನ್ನು ನೋಡಿ ಒಬ್ಬರಲ್ಲ ಒಬ್ಬರು ಬಾಸುಂದಿ ನೆನೆಸಿ ನಗುತ್ತಿದ್ದರಂತೆ. ಸ್ನೇಹಲ ಸಂಕ್ರಾಂತಿಗೆ ಬಂದಾಗ ಅದನ್ನು ನಗುತ್ತಲೇ ಹೇಳಲು ಶುರುಮಾಡಿ, ನಡುವೆ ಎದ್ದು ಬಚ್ಚಲಿಗೆ ಹೋಗಿದ್ದಳು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು.

ಆಪರೇಶನ್ ಎಂಟಕ್ಕೇ ಆಯಿತು. ಡಾಕ್ಟರು ಕಪ್ಪು ಚಷ್ಮಾ ಕೊಟ್ಟು, ದಿನಕ್ಕೆ ಆರು ಸಲ ಹಾಕುವ ಹನಿ ಔಷಧ ಬರೆದು, ಆರು ವಾರ ಒಲೆಯ ಮುಂದೆ ನಿಲ್ಲಬಾರದು, ಬಗ್ಗಬಾರದು, ಕಣ್ಣಿಗೆ ನೀರು ಮುಟ್ಟಿಸಬಾರದು ಎಂದು ಹೇಳಿ ಕಳಿಸಿದರು.

ಮನೆಯ ಬಂಡಿ ಸೊಸೆ ಪೂರ್ವಾಳ ಹೆಗಲಿಗೆ ಬಿತ್ತು. ಅವಳು ಒಂದು ಟಾವೆಲ್ ಕಾರಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಐದಕ್ಕೆ ಏಳುವುದು, ರೊಟ್ಟಿ ಪಲ್ಯ ಮಾಡುವುದು, ನಳ ಬರುವ ದಿನವಾದರೆ ನೀರು ತುಂಬುವುದು, ಎಂಟೂವರೆಗೆ ಮುಖಕ್ಕೆ ಓಢಣಿ ಸುತ್ತಿಕೊಂಡು ಸ್ಕೂಟಿ ಹತ್ತುವುದು. ಅಡಿಗೆಮನೆಯ ಮೇಲೆ ತಗಡಿನ ಪತ್ರಾ. ಮೇ ತಿಂಗಳ ಸೋಲಾಪುರದಲ್ಲಿ ಆ ಪತ್ರಾದ ಕೆಳಗೆ ಒಂಬತ್ತು ಗಂಟೆಯ ಮೇಲೆ ನಿಂತರೆ ಬೆನ್ನಿನಿಂದ ಬೆವರು ಹನಿಯುತ್ತಿರಲಿಲ್ಲ, ಹರಿಯುತ್ತಿತ್ತು.

ನಾಗೇಶಪ್ಪ ಹನಿ ಹಾಕುವ ಕೆಲಸ ತಮ್ಮದಾಗಿ ಮಾಡಿಕೊಂಡರು. ಮೊದಲ ದಿನ ಹನಿ ಕಣ್ಣಿಗೆ ಬೀಳುವ ಬದಲು ಕಿವಿಗೆ ಇಳಿಯಿತು. ನಾಲ್ಕನೇ ದಿನದ ಹೊತ್ತಿಗೆ ಕೈ ಕೂತಿತು.

ಒಂದು ಸಂಜೆ ಊಟಕ್ಕೆ ಕೂತಾಗ ದ್ವಾರಕಾಬಾಯಿ ಮಾತು ತೆಗೆದರು.

“ಪೂರ್ವಾ, ನಾಳಿ ಅಕ್ಕಿ ನೆನಿ ಹಾಕು. ಮೂರು ದಿವಸ ನೆನೀಬೇಕು. ಬಸಿದು, ಆರಿಸಿ, ಕುಟ್ಟಿ, ಬೆಲ್ಲ ಕಲಿಸಿ ಇಡಬೇಕು. ಆಮ್ಯಾಲ ಸಣ್ಣ ಉರೀ ಮ್ಯಾಲ ತುಪ್ಪದಾಗ ಒಂದೊಂದೇ ಬಿಡೂದು. ನಾ ಇಲ್ಲಿ ಕುಂತು ಹೇಳ್ತೀನಿ.”

“ಅತ್ತಿ, ನನಗ ಆಗಂಗಿಲ್ಲ.”

“ಏನು?”

“ಮೂವತ್ಮೂರು ಅನಾರಸ ಅಂದ್ರ ನಾಕು ತಾಸು ಒಲಿ ಮುಂದ. ಆ ಪತ್ರಾದ ಬುಡಕ. ನಾ ಬಿದ್ದುಬಿಡ್ತೀನಿ ಅತ್ತಿ. ಆಫೀಸಿನಾಗ ರಜಾನೂ ಕೊಡವಲ್ರು.”

“ಹೊರಗಿಂದ ತರಸೂಣು ಬಿಡು,” ಎಂದ ಆಶಿಷ, ಫೋನಿನಿಂದ ಕಣ್ಣೆತ್ತದೆ. “ಒಂದು ಫೋನ್ ಮಾಡಿದ್ರ ಮನೀಗೇ ಬರತಾವ.”

“ಬರಲಿ,” ಎಂದರು ದ್ವಾರಕಾಬಾಯಿ. ಅವರ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. “ಅವನ್ನ ತಾಟಿನಾಗ ಇಟ್ಟು ನೀವೇ ಕೊಡ್ರಿ. ಗಿರಿಜಾಬಾಯಿ ಮತ್ತ ಕೇಳ್ತಾರ, ಮನಿ ಕೈಲಿಂದ ಮಾಡಿದ್ದು ಒಂದರೆ ಅದ ಏನು ಅಂತ. ನೀವೇ ಉತ್ತರ ಕೊಡ್ರಿ. ನಾ ಹೊರಗ ಬರಂಗಿಲ್ಲ.”

“ಅದಕ್ಕ ನಾ ಏನ ಮಾಡ್ಲಿ?” ಪೂರ್ವಾಳ ತಾಳ್ಮೆ ಹರಿಯಿತು. “ಮುಂಜಾನಿಂದ ಸಂಜೀತನಕ ನಾ ಒಬ್ಬಾಕಿನೇ ಏನು ಈ ಮನ್ಯಾಗ? ಇಡೀ ದಿವಸ ಕುಂತವರೂ ಅದಾರಲ್ಲ!”

ಹಾಗೆ ಅಂದವಳೇ ತುಟಿ ಕಚ್ಚಿಕೊಂಡಳು. ಆಶಿಷ ಫೋನು ಕೆಳಗಿಟ್ಟ. ದ್ವಾರಕಾಬಾಯಿ ಕಪ್ಪು ಚಷ್ಮಾದ ಹಿಂದಿನಿಂದ ಗಂಡನ ಕಡೆ ಮುಖ ತಿರುಗಿಸಿದರು. ನಾಗೇಶಪ್ಪ ರೊಟ್ಟಿಯ ಕೊನೆಯ ತುತ್ತನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ತಿಂದರು. ತಾಟು ಎತ್ತಿಕೊಂಡು ಹೋಗಿ, ತಾವೇ ತೊಳೆದು, ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತರು.

ಮರುದಿನ ಬೆಳಿಗ್ಗೆ ಪೂರ್ವಾ ಓಢಣಿ ಸುತ್ತಿಕೊಳ್ಳುತ್ತ ಅವರ ಕುರ್ಚಿಯ ಹತ್ತಿರ ಬಂದಳು.

“ಮಾಮಾ, ನಿನ್ನಿ ಬಾಯಿ ತಪ್ಪಿತ್ರಿ.”

“ತಪ್ಪೇನಿಲ್ಲ. ಖರೇನೇ ಅಂದಿ.” ನಾಗೇಶಪ್ಪ ಹಿಂದಿನ ವರ್ಷದ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಪೆನ್ನು ಹಿಡಿದುಕೊಂಡೇ ಕೂತಿದ್ದರು. “ಒಲಿ ಹಚ್ಚದನ ಮಾಡೂ ಅಂಥಾ ಸಿಹಿ ಏನರೆ ಅದ ಏನು? ಹೇಳು, ಬರಕೋತೀನಿ.”

ಪೂರ್ವಾ ಮೊದಲು ಇದು ಚೇಷ್ಟೆ ಎಂದುಕೊಂಡಳು. ಮಾವನ ಮುಖ ನೋಡಿದ ಮೇಲೆ ಸ್ಕೂಟಿಯ ಚಾವಿ ಟೀಪಾಯಿಯ ಮೇಲಿಟ್ಟಳು.

“ಅದರಿ. ನಮ್ಮ ಆಫೀಸಿನಾಗ ಒಬ್ಬಾಕಿ ಹುಟ್ಟಿದ ದಿನಕ್ಕ ತಂದಿದ್ಲು. ಮೊಸರು ಅರಿವ್ಯಾಗ ಕಟ್ಟಿ ನೀರು ತೆಗೀಬೇಕು, ಚಕ್ಕಾ ಮಾಡಬೇಕು. ಅದಕ್ಕ ಸಕ್ಕರಿ ಪುಡಿ, ಮಾವಿನ ಹಣ್ಣಿನ ರಸ ಕಲಸೂದು. ಡಬ್ಬ್ಯಾಗ ಕೆಳಗ ಬಿಸ್ಕೀಟ ಹಾಸೂದು, ಮ್ಯಾಲ ಇದು, ಮತ್ತ ಬಿಸ್ಕೀಟ, ಮತ್ತ ಇದು. ಎಲ್ಲಾದರ ಮ್ಯಾಲ ಹಣ್ಣು ಹೆಚ್ಚಿ ಇಡೂದು. ಫ್ರಿಜ್ಜಿನಾಗ ಆರು ತಾಸು. ಆತು.”

“ಒಲಿ?”

“ಬ್ಯಾಡ್ರಿ.”

“ಕುಕ್ಕರ್?”

“ಏನೂ ಬ್ಯಾಡ್ರಿ ಮಾಮಾ. ತಾಳ್ಮಿ ಬೇಕು.”

ನಾಗೇಶಪ್ಪ ಅದನ್ನೂ ಬರೆದುಕೊಂಡರು.

ಮೊದಲನೇ ಸಲ ಅವರು ಅರ್ಧ ಕಿಲೋ ಮೊಸರು ತಂದು, ಕಟ್ಟುವುದು ಸುಮ್ಮನೆ ಹೊತ್ತು ಕಳೆಯುವುದು ಎಂದುಕೊಂಡು ನೇರವಾಗಿ ಮಾವಿನ ರಸದ ಜೊತೆ ಮಿಕ್ಸರಿಗೆ ಹಾಕಿದರು. ಮಿಕ್ಸರಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹಳದಿ ಬಣ್ಣ ಗೋಡೆಗೆ, ಅಂಗಿಗೆ, ಗಡಿಯಾರಕ್ಕೆ ಹತ್ತಿತು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಸಂಜೆ ಮಗನಿಗೆ ಕೊಟ್ಟರು. ಆಶಿಷ ಚಮಚ ಹಾಕಿ ಎತ್ತಿದ. ಚಮಚದಲ್ಲಿ ಏನೂ ನಿಲ್ಲಲಿಲ್ಲ. ವಾಟಿಯನ್ನೇ ತುಟಿಗೆ ಹಚ್ಚಿ ಗಟಗಟ ಕುಡಿದ.

“ಅಪ್ಪಾ, ಲಸ್ಸಿ ಮಸ್ತ ಆಗ್ಯದ,” ಎಂದ.

ದ್ವಾರಕಾಬಾಯಿಗೆ ವಿಷಯ ತಿಳಿದದ್ದು ಆಗಲೇ. “ಏನ ನಡದದ ನನ್ನ ಅಡಿಗಿಮನ್ಯಾಗ?” ಎಂದು ಕೋಣೆಯಿಂದ ಕೂಗಿದರು. ಗೋಡೆ ಹಿಡಿದುಕೊಂಡು ಬಂದು, ಕಟ್ಟೆಯನ್ನು ಬೆರಳಿನಿಂದ ಮುಟ್ಟಿ, ಅಂಟು ನೋಡಿ, ತಲೆಯ ಮೇಲೆ ಕೈ ಇಟ್ಟುಕೊಂಡರು.

“ಮೂವತ್ತೈದು ವರ್ಷದಾಗ ಕುಡಿಯೂ ನೀರು ತುಂಬಿಕೊಂಡವರಲ್ಲ ನೀವು. ಈಗ ಬೀಗರಿಗೆ ಸಿಹಿ ಮಾಡಾವ್ರು!”

“ಕಲೀತೀನಿ.”

“ಮಂದಿ ಏನಂತಾರ?”

“ಮಂದೀಗಲ್ಲ ಮಾಡಾಕತ್ತಿದ್ದು. ಸ್ನೇಹಲಗ.”

ದ್ವಾರಕಾಬಾಯಿ ಆ ರಾತ್ರಿ ಗಂಡನಿಗೆ ಬೆನ್ನು ತಿರುಗಿಸಿಯೇ ಮಲಗಿದರು.

ಎರಡನೇ ಸಲ ಪೂರ್ವಾ ಹೇಳಿದ ಹಾಗೆಯೇ ನಾಗೇಶಪ್ಪ ಮೊಸರು ಕಟ್ಟಿದರು. ತಮ್ಮ ಒಂದು ಹಳೆಯ ಮೆತ್ತನೆಯ ಧೋತರ ತೊಳೆದು, ಹರಿದು, ಗಂಟು ಕಟ್ಟಿ ಅಡಿಗೆಮನೆಯ ನಳಕ್ಕೆ ಜೋತು ಬಿಟ್ಟರು. ಹನಿ ಹನಿಯಾಗಿ ನೀರು ಪಾತೇಲಿಗೆ ಬೀಳುವುದನ್ನು ನೋಡುತ್ತ ಮಧ್ಯಾಹ್ನವಿಡೀ ಕೂತರು. ಸಂಜೆಗೆ ಬಿಚ್ಚಿದರೆ ಚಕ್ಕಾ ಗಟ್ಟಿಯಾಗಿತ್ತು, ಬೆಣ್ಣೆಯ ಹಾಗೆ. ಖುಷಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡರು. ಹಲ್ಲು ಜುಮ್ಮೆಂದವು. ಆ ಸೆಕೆಯಲ್ಲಿ ಮೊಸರು ಹುಣಸೆಹಣ್ಣಿನಷ್ಟು ಹುಳಿಯಾಗಿತ್ತು.

ಅವರು ಪಾತೇಲಿಯನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಕೇಳಿ ಪಡಸಾಲೆಯಿಂದ ದ್ವಾರಕಾಬಾಯಿ ಅಂದರು:

“ಹುಳೀ ಬಂದದಲ್ಲ?”

“ನಿನಗ ಹ್ಯಾಂಗ ತಿಳೀತು?”

“ವಾಸನಿ ಇಲ್ಲೀತನಕ ಬಂದದ. ಕಣ್ಣು ಕಟ್ಯಾರ, ಮೂಗು ಕಟ್ಟಿಲ್ಲ.” ಮತ್ತೆ ಅವರೇ ಹೇಳಿದರು. “ಈ ಬಿಸಲಾಗ ಹೊರಗ ಯಾರು ಕಟ್ತಾರ್ರಿ? ಸಾಣಿಗಿ ಮ್ಯಾಲ ಅರಿವಿ ಹಾಸಿ, ಮೊಸರು ಸುರುವಿ, ಕೆಳಗ ಪಾತೇಲಿ ಇಟ್ಟು, ಹಾಂಗ ಫ್ರಿಜ್ಜಿನಾಗ ಇಡ್ರಿ. ಮ್ಯಾಲ ಒಂದು ತಾಟು ಮುಚ್ಚಿ ಅದರ ಮ್ಯಾಲ ಭಾರ ಇಡ್ರಿ. ಮೊಸರು ಸಂಜೀದಲ್ಲ, ಮುಂಜಾನಿದು ತರ್ರಿ, ಡೇರಿ ತೆಗದ ಕೂಡ್ಲೆ. ಸೀ ಮೊಸರು ಅಂತ ಕೇಳಿ ತರ್ರಿ.”

ನಾಗೇಶಪ್ಪ ಪೆನ್ನು ಹುಡುಕಿದರು. “ನಿಂದ್ರು, ನಿಂದ್ರು. ಭಾರ ಎಷ್ಟು?”

“ನಿಮ್ಮ ತಲೀ ಅಷ್ಟು!” ಎಂದರು ದ್ವಾರಕಾಬಾಯಿ. ಹೇಳಿದ ಮೇಲೆ ಅವರಿಗೇ ನಗು ಬಂತು.

ಮೂರನೇ ಸಲ ಅವರಿಬ್ಬರೂ ಕೂಡಿ ಮಾಡಿದರು. ದ್ವಾರಕಾಬಾಯಿ ಪಡಸಾಲೆಯ ಕುರ್ಚಿಯಲ್ಲಿ ಚಷ್ಮಾ ಹಾಕಿಕೊಂಡು ಕೂರುವುದು, ನಾಗೇಶಪ್ಪ ನೆಲದ ಮೇಲೆ ಪಾತೇಲಿ ಹರಡಿಕೊಂಡು ಕೂರುವುದು. ಮಾವಿನ ಹಣ್ಣನ್ನು ಮಿಕ್ಸರಿಗೆ ಹಾಕಬಾರದು, ತೆಳ್ಳಗಾಗುತ್ತದೆ. ಕೈಯಿಂದ ಹಿಂಡಿ, ಆ ರಸವನ್ನೂ ಒಂದು ತಾಸು ಅರಿವೆಯ ಮೇಲೆ ಬಿಡಬೇಕು. ಚಕ್ಕಾವನ್ನು ಸಕ್ಕರೆ ಪುಡಿಯ ಜೊತೆ ಅರಿವೆಯಲ್ಲಿ ಉಜ್ಜಿ ಉಜ್ಜಿ ಸೋಸಬೇಕು, ಒಂದು ಗಂಟೂ ಉಳಿಯಬಾರದು. ಏಲಕ್ಕಿ ಆಗಷ್ಟೇ ಕುಟ್ಟಿದ್ದಿರಬೇಕು. ಚಿಟಿಕೆ ಉಪ್ಪು ಬಿದ್ದರೆ ಹಣ್ಣಿನ ರುಚಿ ಏಳುತ್ತದೆ. ಇವೆಲ್ಲ ಪೂರ್ವಾಳ ಆಫೀಸಿನವಳಿಗೆ ಗೊತ್ತಿರಲಿಲ್ಲ.

ಉಜ್ಜಿ ಉಜ್ಜಿ ನಾಗೇಶಪ್ಪನವರ ರಟ್ಟೆ ಸೋತವು. “ಇದನ್ನ ನೀ ಪ್ರತೀ ಯುಗಾದೀಗಿ ಶ್ರೀಖಂಡಕ್ಕ ಹಿಂಗೇ ಮಾಡ್ತಿದ್ದಿ ಏನು?”

“ಮತ್ತ? ತಾನೇ ಆಗತದ ಅಂತ ತಿಳದಿದ್ರಿ?”

ಅವರು ಮತ್ತೆ ಉಜ್ಜತೊಡಗಿದರು.

ಆ ಸಂಜೆ ನಾಲ್ವರೂ ತಿಂದರು. ಈ ಸಲ ಚಮಚ ಇಟ್ಟಲ್ಲಿ ನಿಂತಿತು. ತಣ್ಣಗೆ, ಕೇಸರ್ ಮಾವಿನ ಬಣ್ಣ, ನಡುವೆ ಮೆತ್ತಗಾದ ಬಿಸ್ಕೀಟು, ಮೇಲೆ ದಾಳಿಂಬೆಯ ಕಾಳು. ಹೊರಗೆ ಬಿಸಿಗಾಳಿ ಇನ್ನೂ ಬಾಗಿಲು ಬಡಿಯುತ್ತಿತ್ತು. ಆಶಿಷ ಮಾತಿಲ್ಲದೆ ಎರಡನೇ ಸಲ ಹಾಕಿಕೊಂಡ. ಪೂರ್ವಾ, “ಮಾಮಾ, ನಮ್ಮ ಆಫೀಸಿನಾಕಿದು ಇದರ ಮುಂದ ಏನೂ ಇಲ್ರಿ,” ಎಂದಳು. ಅಂದವಳು ಎದ್ದು ಹೋಗಿ ಎಲ್ಲರ ಪಾತ್ರೆಗಳನ್ನು ತಾನೇ ತೊಳೆಯಲು ಹೊರಟಾಗ ಆಶಿಷ ಅವಳನ್ನು ಕೂರಿಸಿ ಬಚ್ಚಲಿಗೆ ನಡೆದ.

ದ್ವಾರಕಾಬಾಯಿ ಎರಡು ಚಮಚ ತಿಂದು, “ಏಲಕ್ಕಿ ಕಮ್ಮಿ,” ಎಂದರು. ಮತ್ತೆರಡು ತಿಂದರು. “ಛಲೋ ಆಗ್ಯದ. ಆದ್ರ ಎರಡು ಮಾತು. ಒಂದು, ಅಧಿಕದ ದಾನಕ್ಕ ಜಾಳೀ ಇದ್ದ ಪದಾರ್ಥನೇ ಬೇಕು. ಅನಾರಸಕ್ಕ ತೂತು ಇರತಾವ, ಅದಕ್ಕೇ ಅನಾರಸ. ಇದಕ್ಕ ಎಲ್ಲಿ ತೂತು?”

ಪೂರ್ವಾ ಬಿಸ್ಕೀಟಿನ ಪುಡೆಯಿಂದ ಒಂದು ಬಿಸ್ಕೀಟು ತೆಗೆದು ಅತ್ತೆಯ ಕೈಯಲ್ಲಿಟ್ಟಳು.

“ಮುಟ್ಟಿ ನೋಡ್ರಿ ಅತ್ತಿ.”

ದ್ವಾರಕಾಬಾಯಿ ಹೆಬ್ಬೆರಳಿನಿಂದ ಸವರಿದರು. ಒಂದು, ಎರಡು, ಮೂರು... ಸಾಲಾಗಿ ಸಣ್ಣ ಸಣ್ಣ ತೂತುಗಳು. ಕಪ್ಪು ಚಷ್ಮಾದ ಕೆಳಗೆ ಅವರ ತುಟಿ ಅಗಲವಾಗುತ್ತ ಹೋಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಪರೇಶನ್ ಆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

“ನಗಬ್ಯಾಡ, ಕಣ್ಣಿಗೆ ಜಗ್ಗತದ!” ಎಂದು ನಾಗೇಶಪ್ಪ ಗಾಬರಿಯಾದರು.

“ಇರಲಿ ಬಿಡ್ರಿ. ಎಣಿಸಿ ಮೂವತ್ಮೂರು ಬಿಸ್ಕೀಟ ಹಾಕ್ರಿ. ದೇವರಿಗೆ ನಾ ಹೇಳಿಕೋತೀನಿ.” ಆಮೇಲೆ ಅವರ ದನಿ ಗಂಭೀರವಾಯಿತು. “ಎರಡನೇ ಮಾತು. ಬೀಗರ ಮುಂದ ಇದನ್ನ ಪೂರ್ವಾ ಮಾಡ್ಯಾಳ ಅಂತ ಹೇಳಬೇಕು. ಗಂಡಸು ಅಡಿಗಿಮನ್ಯಾಗ ಕುಂತು ಮಾಡ್ಯಾನ ಅಂದ್ರ ಕರಜಗಿ ತುಂಬ ನಗತಾರ. ಬಾಸುಂದೀದು ಮುಗಿದಿಲ್ಲ, ಇದೊಂದು ಬ್ಯಾರೆ. ಹೂಂ ಅನ್ರಿ.”

ನಾಗೇಶಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಹಳದಿ ಹೋಗಿರಲಿಲ್ಲ.

“ಹೂಂ,” ಎಂದರು.

ಬೀಗರು ಬರುವುದು ಮೇ ಕೊನೆಯ ಭಾನುವಾರ ಎಂದು ನಿಶ್ಚಯವಾಯಿತು. ಶನಿವಾರ ಬೆಳಿಗ್ಗೆ ಡೇರಿಯ ಶಟರ್ ಏಳುವ ಮೊದಲೇ ನಾಗೇಶಪ್ಪ ಡಬ್ಬಿ ಹಿಡಿದು ಅಲ್ಲಿ ನಿಂತಿದ್ದರು. ಮಾವಿನ ಹಣ್ಣುಗಳನ್ನು ತಾವೇ ಒಂದೊಂದಾಗಿ ಮೂಸಿ ಆರಿಸಿದರು. ಸಂಜೆ ದೊಡ್ಡ ಸ್ಟೀಲಿನ ಡಬ್ಬಿಯಲ್ಲಿ ಪದರ ಪದರವಾಗಿ ಹಾಸುತ್ತಿದ್ದಾಗ ದ್ವಾರಕಾಬಾಯಿ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸಿದರು: ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು.

ಭಾನುವಾರ ಪೂರ್ವಾ ಬಿಸಿಲು ಏರುವ ಮೊದಲೇ ಎಣ್ಣೆಗಾಯಿ, ಮಸಾಲೆ ಅನ್ನ, ಕಟ್ಟಿನ ಸಾರು ಮುಗಿಸಿ ಒಲೆ ಆರಿಸಿದಳು. ಆಶಿಷ ಖಡಕ್ ರೊಟ್ಟಿ ತಂದ. ಹತ್ತೂವರೆಗೆ ಕರೆಂಟು ಹೋಯಿತು.

ಪಂಖಾ ನಿಂತ ಕೂಡಲೇ ನಾಗೇಶಪ್ಪ ಎದ್ದರು. ಒಂದು ಸ್ಟೂಲು ಎಳೆದುಕೊಂಡು ಹೋಗಿ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು.

“ಯಾರೂ ಬಾಗಲಾ ತೆಗೀಬ್ಯಾಡ್ರಿ. ನೀರು ಬೇಕಾದ್ರ ಗಡಿಗ್ಯಾಗ ಅದಾವ.”

“ಅಪ್ಪಾ, ಒಂದೇ ಮಿನಿಟ, ಲಿಂಬಿಹಣ್ಣು...”

“ಲಿಂಬಿಹಣ್ಣು ಅಂಗಡ್ಯಾಗ ಅದಾವ. ಹೋಗಿ ತಗೊಂಡ ಬಾ.”

ಹನ್ನೆರಡಕ್ಕೆ ಕರಜಗಿಯಿಂದ ಜೀಪು ಬಂತು. ಬೀಗರು ಹಣಮಂತಪ್ಪ ತಲೆಗೆ ದೊಡ್ಡ ಪಟಗಾ ಸುತ್ತಿದ ಎತ್ತರದ ಆಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಹಿಂದೆ ಗಿರಿಜಾಬಾಯಿ, ಕೈಲಾಸ, ಕೊನೆಗೆ ಸ್ನೇಹಲ. ಅವಳು ಒಳಗೆ ಬಂದವಳೇ ಅವ್ವನ ಚಷ್ಮಾ ನೋಡಿ, ಅಪ್ಪನನ್ನು ಹುಡುಕಿ, ಫ್ರಿಜ್ಜಿನ ಮುಂದೆ ಬೆವರು ಸುರಿಸುತ್ತ ಕೂತವರನ್ನು ಕಂಡು, “ಅಪ್ಪಾ, ಇಲ್ಲಿ ಯಾಕ ಕುಂತಿ?” ಎಂದಳು.

“ಸುಮ್ನ,” ಎಂದರು ನಾಗೇಶಪ್ಪ.

ಊಟಕ್ಕೆ ಕೂರುವ ಹೊತ್ತಿಗೆ ಕರೆಂಟು ಬಂತು. ದ್ವಾರಕಾಬಾಯಿ ತಾಮ್ರದ ತಾಟಿನ ಮೇಲೆ ಡಬ್ಬಿ ಇಡಿಸಿದರು, ದೀಪ ಹಚ್ಚಿಸಿದರು, ಅಳಿಯನ ಹಣೆಗೆ ಕುಂಕುಮ ಹಚ್ಚಿದರು. ಗಿರಿಜಾಬಾಯಿ ಕುತ್ತಿಗೆ ಚಾಚಿ ನೋಡಿದರು.

“ಅನಾರಸ ಎಲ್ಲಿ ಅದಾವ್ರಿ ಬೀಗತಿ?”

“ಒಳಗ ಅದಾವ್ರಿ, ಮೂವತ್ಮೂರು. ಬ್ಯಾರೆ ರೂಪದಾಗ ಅದಾವ,” ಎಂದರು ದ್ವಾರಕಾಬಾಯಿ. ಪೂರ್ವಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಡಬ್ಬಿಯ ಮುಚ್ಚಳ ತೆಗೆದಾಗ ತಂಪು ಮುಖಕ್ಕೆ ಬಡಿಯಿತು. ಪೂರ್ವಾ ಚಾಕುವಿನಿಂದ ಕತ್ತರಿಸಿ ಎತ್ತಿದ ತುಂಡು ಕುಸಿಯಲಿಲ್ಲ. ಪದರಗಳು ಒಂದರ ಮೇಲೊಂದು ನಿಂತು ವಾಟಿಗೆ ಇಳಿದವು.

ಕೈಲಾಸ ಮೊದಲ ತುತ್ತಿಗೇ ಸ್ನೇಹಲಳ ಕಡೆ ನೋಡಿ ಹುಬ್ಬು ಹಾರಿಸಿದ. ಹಣಮಂತಪ್ಪ ತಲೆ ತಗ್ಗಿಸಿ ಒಂದು ವಾಟಿ ಮುಗಿಸಿದರು, ಎರಡನೆಯದನ್ನೂ ಮುಗಿಸಿದರು. ಗಿರಿಜಾಬಾಯಿ ನಿಧಾನವಾಗಿ ತಿಂದರು, ನಾಲಿಗೆಯ ಮೇಲೆ ಇಟ್ಟು ಕರಗಿಸಿ ನೋಡಿದರು. ಇಡೀ ಮನೆ ಅವರ ಬಾಯಿಯನ್ನೇ ನೋಡುತ್ತಿತ್ತು.

“ಇದು ಅಂಗಡೀದಲ್ಲ,” ಎಂದರು ಕೊನೆಗೆ. “ಚಕ್ಕಾ ಕೈಲಿಂದ ಉಜ್ಜ್ಯಾರ. ಒಂದು ಗಂಟಿಲ್ಲ. ಯಾರು ಮಾಡ್ಯಾರ್ರಿ?”

“ನಾ...” ಎಂದು ಪೂರ್ವಾ ಒಪ್ಪಂದದ ಪ್ರಕಾರ ಶುರುಮಾಡಿದಳು. ಅಲ್ಲಿಗೇ ಅವಳ ಮಾತು ನಿಂತಿತು. ಅತ್ತೆಯ ಕಡೆ ನೋಡಿದಳು.

“ನನಗ ಗೊತ್ತದ ತಂಗಿ,” ಎಂದರು ಗಿರಿಜಾಬಾಯಿ. “ಕೈ ನಿನ್ನದಿರಬೇಕು, ಹೇಳಿಕೊಟ್ಟವರು ನಿಮ್ಮತ್ತಿ. ಹೆಣ್ಣುಮಕ್ಕಳ ತಾಳ್ಮಿ ಇಲ್ದ ಇದು ಆಗೂದಲ್ಲ. ಈ ಗಂಡಸರಿಗೇನು, ಉಂಡು ಏಳೂದು.”

ನಾಗೇಶಪ್ಪ ನೀರಿನ ತಂಬಿಗೆ ಎತ್ತಿಕೊಂಡು ಎಲ್ಲರ ಲೋಟಕ್ಕೆ ಸುರಿಯತೊಡಗಿದರು. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಹೂಂ ಅಂದಿದ್ದರು, ಅದರಂತೆ ಸುಮ್ಮನಿದ್ದರು. ದ್ವಾರಕಾಬಾಯಿ ಗಂಡ ನೀರು ಸುರಿಯುವ ಸದ್ದು ಕೇಳುತ್ತಿದ್ದರು. ಅವರ ಕೈ ಸೆರಗಿನ ಅಂಚನ್ನು ಸುತ್ತಿತು, ಬಿಚ್ಚಿತು.

“ಬೀಗತಿ,” ಎಂದರು ಅವರು, “ಪೂರ್ವಾ ಮಾಡಿಲ್ರಿ. ನಾನೂ ಮಾಡಿಲ್ಲ. ನಮ್ಮ ಮನಿಯವರು ಮಾಡ್ಯಾರ.”

“ಯಾರು?”

“ಇವರೇ. ನಿಮಗ ನೀರು ಹಾಕಾಕತ್ತಾರಲ್ಲ, ಇವರು. ಮೂರು ವಾರ ಕಲತಾರ. ಎರಡು ಸಲ ಕೆಡಿಸ್ಯಾರ. ಮೊಸರು ತಂದವರು ಇವರು, ಕಟ್ಟಿದವರು ಇವರು, ಉಜ್ಜಿದವರು ಇವರು. ನಾ ಬರೇ ಕುಂತು ಬೈದೀನಿ. ಮಗಳ ಮೊದಲನೇ ಅಧಿಕ, ಮನಿ ಕೈಲಿಂದನೇ ಆಗಬೇಕು ಅಂತ ಮಾಡ್ಯಾರ.” ದ್ವಾರಕಾಬಾಯಿ ಬೆನ್ನು ನೆಟ್ಟಗೆ ಮಾಡಿ ಕೂತರು. “ನಗೂದಿದ್ರ ನಗ್ರಿ. ನನಗೇನೂ ಅನಸಂಗಿಲ್ಲ.”

ಯಾರೂ ನಗಲಿಲ್ಲ. ಸ್ನೇಹಲ ಕೈಯಲ್ಲಿದ್ದ ವಾಟಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳ ಕಣ್ಣು ತುಂಬಿದವು. ಆದರೆ ಈ ಸಲ ಅವಳು ಬಚ್ಚಲಿಗೆ ಓಡಲಿಲ್ಲ, ಎಲ್ಲರ ಮುಂದೆಯೇ ಒರೆಸಿಕೊಂಡಳು.

ಹಣಮಂತಪ್ಪ ತಲೆ ಎತ್ತಿದರು.

“ನೀವೇ?”

“ಹೌದ್ರಿ ಬೀಗರ. ನಾನೇ.”

ಹಣಮಂತಪ್ಪ ಖಾಲಿ ವಾಟಿಯನ್ನು ಮುಂದೆ ಸರಿಸಿದರು.

“ಹಂಗಾರ ಇನ್ನಷ್ಟು ಹಾಕ್ರಿ. ಮಾಡಿದವರ ಕೈಲಿಂದನೇ ಹಾಕ್ರಿ.”

ನಾಗೇಶಪ್ಪ ತಂಬಿಗೆ ಕೆಳಗಿಟ್ಟು ಬಡಿಸಿದರು. ತುಂಡು ಮುರಿಯದೆ ಇಳಿಯಿತು.

“ಮದಿವ್ಯಾಗ ನಾ ಒಂದು ಮಾತು ಅಂದಿದ್ದೆ,” ಎಂದರು ಗಿರಿಜಾಬಾಯಿ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಆ ಮನೆಯವರು ಕೇಳಿಯೇ ಇರಲಿಲ್ಲ. “ಅದನ್ನ ಮನಸಿನ್ಯಾಗ ಇಟಗೋಬ್ಯಾಡ್ರಿ ಬೀಗರ. ಒಂದು ಡಬ್ಬ್ಯಾಗ ಹಾಕಿ ಕೊಡ್ರಿ. ಓಣ್ಯಾಗ ಅವತ್ತು ಯಾರ್ಯಾರು ನಕ್ಕಾರ, ಅವರಿಗೆಲ್ಲ ಒಂದೊಂದು ಚಮಚ ತಿನ್ನಸ್ತೀನಿ.”

“ಅತ್ತಿ, ನಾ ಹಂಚ್ತೀನ್ರಿ,” ಎಂದಳು ಸ್ನೇಹಲ. “ನಮ್ಮಪ್ಪ ಮಾಡ್ಯಾನ ಅಂತ ಹೇಳಿ ಹೇಳಿ ಹಂಚ್ತೀನಿ.”

ಅಧಿಕ ಮಾಸ ಮುಗಿಯಲು ಎರಡು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ನಾಗೇಶಪ್ಪನವರ ಫೋನು ರಿಂಗಾಯಿತು. ಹೊರಗೆ ಮೊದಲ ಮಳೆಯ ಮೋಡ ಕಟ್ಟಿತ್ತು, ಸೆಕೆ ಇನ್ನೂ ಬಿಟ್ಟಿರಲಿಲ್ಲ. ಅವರು ಹೆಂಡತಿಯ ಕಣ್ಣಿಗೆ ಹನಿ ಹಾಕುತ್ತಿದ್ದವರು ಫೋನನ್ನು ಸ್ಪೀಕರಿಗೆ ಹಾಕಿದರು.

“ಬೀಗರ, ನಾ ಹಣಮಂತಪ್ಪ ಮಾತಾಡಾಕತ್ತೀನಿ,” ಎಂದಿತು ಒಂದು ಪಿಸುದನಿ. “ಗಟ್ಟಿ ಮಾತಾಡಬ್ಯಾಡ್ರಿ. ನಮ್ಮಾಕಿ ಅಕ್ಕಲಕೋಟಿಗೆ ಹೋಗ್ಯಾಳ, ಸಂಜೀಕ ಬರ್ತಾಳ. ನಾನು, ನಿಮ್ಮ ಮಗಳು ಇಬ್ಬರೇ ಅದೀವಿ. ಮನೀ ಎಮ್ಮೀ ಮೊಸರು ಕಟ್ಟೀನಿ. ಮುಂಜಾನಿಂದ ನೋಡಾಕತ್ತೀನಿ, ನೀರು ಬಿಡವಲ್ದು. ಏನ ಮಾಡ್ಲಿ?”

ದ್ವಾರಕಾಬಾಯಿ ಗಂಡನ ಮೊಣಕೈ ತಿವಿದು, ಹೇಳ್ರಿ ಎಂದು ಸನ್ನೆ ಮಾಡಿದರು.

ನಾಗೇಶಪ್ಪ ಹನಿಯ ಬಾಟಲಿ ಕೆಳಗಿಟ್ಟರು.

“ಮೊದಲ ಇದು ಹೇಳ್ರಿ. ಯಾವ ಅರಿವ್ಯಾಗ ಕಟ್ಟೀರಿ?”

ಆ ಕಡೆ ಸ್ನೇಹಲ ನಕ್ಕದ್ದು ಕೇಳಿಸಿತು.

“ನನ್ನ ಪಟಗಾದಾಗ ರೀ. ತೊಳದೇ ಕಟ್ಟೀನಿ.”

“ಅದು ಭಾಳ ದಪ್ಪ ಆತು. ಬಿಚ್ಚ್ರಿ. ತೆಳ್ಳಂದು ಧೋತರ ಇದ್ರ ನೋಡ್ರಿ,” ಎಂದು ನಾಗೇಶಪ್ಪ ಕುರ್ಚಿ ಹತ್ತಿರ ಎಳೆದುಕೊಂಡು, ಕಾಲು ಮೇಲೆ ಕಾಲು ಹಾಕಿ ಕೂತರು. “ಗಾಬರಿ ಆಗಬ್ಯಾಡ್ರಿ ಬೀಗರ. ನಾ ಹೇಳ್ತೀನಿ, ನೀವು ಮಾಡ್ರಿ.”